ಬಗರ್ ಹುಕುಂ ಹಲ್ಲಿನ ಅಹವಾಲು

ಸಂದರ್ಶನಕ್ಕೆ ಒಪ್ಪಿಸುವುದು ಸುಲಭವಾಗಿರಲಿಲ್ಲ. ಕೆಳದವಡೆಯ ಬಲಮೂಲೆಯಲ್ಲಿ ವಸಡಿನ ಮುಸುಕನ್ನು ಅರ್ಧ ಹೊದ್ದು ಮಲಗಿದ್ದ ಈ ಮಹನೀಯರು ಒಂದೇ ಷರತ್ತು ಹಾಕಿದರು: ದವಡೆಯ ಮಾಲೀಕನ ಹೆಸರು ಬರೆಯಕೂಡದು. ಹಾಗಾಗಿ ಆ ಮಾಲೀಕರನ್ನು ಇಲ್ಲಿ 'ಕಂಡಕ್ಟರ್' ಎಂದಷ್ಟೇ ಕರೆದಿದ್ದೇವೆ. ವಯಸ್ಸು ಇಪ್ಪತ್ನಾಲ್ಕು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ನಡುವೆ ಬಸ್ಸಿನಲ್ಲಿ ಓಡಾಟ. ಊರಿನ ಹೆಸರು ಕೂಗುವುದೇ ಕೆಲಸದ ಮುಕ್ಕಾಲು ಪಾಲು. ಮೂರು ದಿನದಿಂದ ಬಾಯಿ ಒಂದು ಬೆರಳಿನಷ್ಟು ಮಾತ್ರ ತೆರೆಯುತ್ತಿದೆ. 'ಹೊಳೇನರ್ಸೀಪುರ' ಎಂದು ಕೂಗಿದರೆ ಜನಕ್ಕೆ 'ಹೂಂ' ಎಂದಷ್ಟೇ ಕೇಳಿಸಿ, ಅರಕಲಗೂಡಿಗೆ ಹೋಗಬೇಕಾದ ಇಬ್ಬರು ಅಜ್ಜಿಯರು ಹತ್ತಿ ಕೂತಿದ್ದರಂತೆ. ಹಾಸನದ ಒಂದು ದಂತ ಚಿಕಿತ್ಸಾಲಯದ ಬೆಂಚಿನ ಮೇಲೆ, ಎಕ್ಸ್-ರೇ ಮುಗಿದು ವೈದ್ಯರು ಒಳಗೆ ಕರೆಯುವವರೆಗಿನ ಬಿಡುವಿನಲ್ಲಿ, ಆ ಒಂದು ಬೆರಳಿನ ಸಂದಿಯ ಮೂಲಕವೇ ಈ ಮಾತುಕತೆ ನಡೆಯಿತು.

ಪ್ರಶ್ನೆ: ನಮಸ್ಕಾರ. ಮೊದಲು ನಿಮ್ಮ ಪರಿಚಯ.

ಹಲ್ಲು: ನಮಸ್ಕಾರ ಸ್ವಾಮಿ. ಜನ ಬುದ್ಧಿ ಹಲ್ಲು ಅಂತಾರೆ. ಡಾಕ್ಟ್ರ ಕಡತದಲ್ಲಿ ನನ್ನ ನಂಬರು 48. ಬಾಯಿನ ನಾಲ್ಕು ಭಾಗ ಮಾಡಿ, ಒಂದೊಂದು ಭಾಗದಲ್ಲೂ ಮುಂದಿನಿಂದ ಹಿಂದಕ್ಕೆ ಒಂದರಿಂದ ಎಂಟರ ತನಕ ಎಣಿಸ್ತಾರೆ. ನಾಲ್ಕನೇ ಭಾಗದ ಎಂಟನೆಯವನು ನಾನು. ಮೇಲೆ ಬಲಗಡೆ ಇರೋನು 18, ಎಡಗಡೆ ಇರೋನು 28, ಕೆಳಗೆ ಎಡಗಡೆ ಇರಬೇಕಾಗಿದ್ದೋನು 38.

ಪ್ರಶ್ನೆ: 48 ಅಂದರೆ ಈ ಕಡೆಯವರಿಗೆ ಹೆದ್ದಾರಿ ನೆನಪಾಗುತ್ತದೆ.

ಹಲ್ಲು: ಆಗಬೇಕಾದ್ದೇ. ಬೆಂಗಳೂರಿಂದ ಚನ್ರಾಯಪಟ್ಣ, ಹಾಸನ ದಾಟಿ ಮಂಗಳೂರಿಗೆ ಹೋಗೋ ರಸ್ತೆಯ ಹಳೇ ನಂಬರು ಅದು. ಈಗ 75 ಅಂತ ಬದಲಾಯಿಸಿದಾರೆ. ಶಿರಾಡಿ ಘಾಟಿ ಗುಂಡಿಗಳಿಗೆ ಆ ಆದೇಶದ ಪ್ರತಿ ಇನ್ನೂ ತಲುಪಿದ ಹಾಗಿಲ್ಲ. ನನ್ನ ನಂಬರು ಬದಲಾಗಿಲ್ಲ, ನನ್ನಿಂದಾಗೋ ಗುಂಡಿನೂ ಬದಲಾಗಿಲ್ಲ. ಏಳನೇ ನಂಬರಿನವನ ಬೆನ್ನು ನೋಡಿ ಬೇಕಾದ್ರೆ.

ಪ್ರಶ್ನೆ: ಅಲ್ಲಿಗೇ ಬರುತ್ತೇನೆ. ನಿಮ್ಮ ಮೇಲಿನ ಮುಖ್ಯ ಆರೋಪ ಒತ್ತುವರಿ. ಜಾಗವಿಲ್ಲದ ಕಡೆ ನುಗ್ಗಿ ಪಕ್ಕದವರನ್ನು ತಳ್ಳುತ್ತಿದ್ದೀರಿ.

ಹಲ್ಲು: ನುಗ್ಗೋದು ಹೊರಗಿನಿಂದ ಬಂದೋನು ಸ್ವಾಮಿ. ನಾನು ಹುಟ್ಟಿದ್ದೇ ಇಲ್ಲಿ. ಈ ಹುಡುಗ ಮೂರನೇ ಕ್ಲಾಸಿನಲ್ಲಿ ಮಗ್ಗಿ ಹೇಳ್ತಿದ್ದಾಗ ಒಂದು ಎಕ್ಸ್-ರೇ ತೆಗೆದಿದ್ರೆ ಮೂಳೆಯೊಳಗೆ ನನ್ನ ಮೊಗ್ಗು ಕಾಣ್ತಿತ್ತು. ಎಸ್ಸೆಸ್ಸೆಲ್ಸಿ ಹೊತ್ತಿಗೆ ತಲೆಭಾಗ ಕಟ್ಟಿ ಮುಗಿಸಿದ್ದೆ. ಹದಿನೇಳರಿಂದ ಇಪ್ಪತ್ತೈದರೊಳಗೆ ಹೊರಗೆ ಬರೋದು ನಮ್ಮ ವಂಶದ ಪದ್ಧತಿ. ಬಂದು ನೋಡಿದ್ರೆ ಆರನೆಯವನು ಆರನೇ ವಯಸ್ಸಿಗೇ ಬಂದು ಕೂತಿದಾನೆ, ಏಳನೆಯವನು ಹನ್ನೆರಡಕ್ಕೆ ಬಂದು ಖಾತೆ ಮಾಡಿಸ್ಕೊಂಡಿದಾನೆ. ಮೊದಲು ಬಂದೋರ ಹೆಸರಿಗೆ ಪಹಣಿ, ಕೊನೆಗೆ ಬಂದೋನಿಗೆ ಗೋಮಾಳ. ಆ ಗೋಮಾಳದಲ್ಲೂ ಆಗಲೇ ದವಡೆ ಮೂಳೆ ಕಿವಿ ಕಡೆಗೆ ಏರಿಬಿಟ್ಟಿದೆ. ನಾನು ಎಲ್ಲಿಗೆ ಹೋಗಲಿ?

ಪ್ರಶ್ನೆ: ಹಾಗಾದರೆ ನಿಮ್ಮ ಹಕ್ಕು ಯಾವುದರ ಮೇಲೆ?

ಹಲ್ಲು: ಬಗರ್ ಹುಕುಂ. ಹುಕುಂ ಇಲ್ಲ ಅಂತ ಒಪ್ತೀನಿ, ಆದ್ರೆ ಅನುಭವದಲ್ಲಿ ನಾನೇ ಇದ್ದೀನಿ. ನಮೂನೆ 50ರಲ್ಲಿ ಹಾಕಬೇಕೋ, 53ರಲ್ಲೋ, 57ರಲ್ಲೋ, ಅದನ್ನ ಹೇಳಿ. ಅರ್ಜಿ ಇತ್ಯರ್ಥ ಆಗೋ ತನಕ ಒಕ್ಕಲೆಬ್ಬಿಸಂಗಿಲ್ಲ. ಅರಕಲಗೂಡು ತಾಲ್ಲೂಕು ಕಚೇರಿ ಮುಂದೆ ಈ ಮಾತು ಕೇಳಿ ಕೇಳಿ ನನಗೂ ಬಾಯಿಪಾಠ ಆಗಿದೆ. ಬಸ್ಸು ಅಲ್ಲೇ ಹತ್ತು ನಿಮಿಷ ನಿಲ್ಲುತ್ತಲ್ಲ.

ಪ್ರಶ್ನೆ: ಈಗ ಸರ್ವೆಯೂ ಆಯಿತಲ್ಲ. ಎಕ್ಸ್-ರೇ ಹೇಗಿತ್ತು?

ಹಲ್ಲು: ದೊಡ್ಡ ಅವಮಾನ ಅದು. ಇವನನ್ನ ನೆಟ್ಟಗೆ ನಿಲ್ಲಿಸಿ, ಗದ್ದವನ್ನ ಒಂದು ಪಟ್ಟಿ ಮೇಲೆ ಇಡಿಸಿ, ಮುಂದಿನ ಹಲ್ಲಿಗೆ ಒಂದು ಕಡ್ಡಿ ಕಚ್ಚಿಸಿದ್ರು. ಕಚ್ಚೋಕೂ ಬಾಯಿ ತೆರೀಬೇಕಲ್ಲ, ಆ ಸುಖ ಅನುಭವಿಸಿದೋರಿಗೇ ಗೊತ್ತು. ಯಂತ್ರ ತಲೆ ಸುತ್ತ ಒಂದು ಪ್ರದಕ್ಷಿಣೆ ಹಾಕ್ತು. ಹಾಳೆ ಬೆಳಕಿಗೆ ಹಿಡಿದ್ರೆ, ನಾನು ಎದ್ದು ನಿಲ್ಲದೆ ಮುಂದಕ್ಕೆ ವಾಲಿ ಏಳನೆಯವನ ಸೊಂಟಕ್ಕೆ ತಲೆ ಕೊಟ್ಟು ಮಲಗಿರೋದು ಊರಿಗೆಲ್ಲ ಬಯಲಾಯ್ತು. ನನ್ನ ಬೇರಿನ ಬುಡದಲ್ಲಿ ಎರಡು ಸಣ್ಣ ಬಿಳಿಗೆರೆ ಹೋಗಿದಾವೆ, ಅವುಗಳ ನಡುವಿನದು ನರದ ಕಾಲುವೆ. ಕೆಳತುಟಿಯ, ಗದ್ದದ ಸ್ಪರ್ಶ ಒಯ್ಯೋ ನರ. ಡಾಕ್ಟ್ರು ಪೆನ್ನಿನ ತುದಿನ ಅಲ್ಲಿಟ್ಟು ಏನೂ ಮಾತಾಡದೆ ಸ್ವಲ್ಪ ಹೊತ್ತು ನೋಡಿದ್ರು. ಕಂಡಕ್ಟರ್ ಕೈಲಿದ್ದ ಟಿಕೆಟ್ ಯಂತ್ರ ಅಷ್ಟರಲ್ಲಿ ಬೆವರಿಗೆ ಒದ್ದೆ.

ಪ್ರಶ್ನೆ: ಇಷ್ಟು ತಡವಾಗಿ ಬರುವುದೇಕೆ? ಬೇಗ ಬಂದಿದ್ದರೆ ಜಾಗ ಸಿಗುತ್ತಿತ್ತೇನೋ.

ಹಲ್ಲು: ತಡವಾಗಿ ಬಂದೋರನ್ನ ಹಾಸನ ಜಿಲ್ಲೆಯೋರು ಆಡಿಕೊಳ್ಳಬಾರದು. ಬೆಂಗಳೂರು–ಹಾಸನ ಹೊಸ ರೈಲುಮಾರ್ಗ ಮಂಜೂರಾಗಿದ್ದು 1996-97ರಲ್ಲಿ, ರೈಲು ಪೂರ್ತಿ ಮಾರ್ಗ ಓಡಿದ್ದು 2017ರ ಮಾರ್ಚಿನಲ್ಲಿ. ಲೆಕ್ಕ ಹಾಕಿ, ಇಪ್ಪತ್ತು ವರ್ಷ. ನನಗೂ ಅಷ್ಟೇ ಹಿಡಿದದ್ದು. ಅದಕ್ಕೆ ಹಸಿರು ಬಾವುಟ, ಹೂವಿನ ಹಾರ, ನನಗೆ ಉಪ್ಪುನೀರು! ಇನ್ನು ಹಾಸನಾಂಬೆ ಗುಡಿಯ ಸೊಸೆ ಕಲ್ಲಿನ ಕಥೆ ನಿಮಗೆ ಗೊತ್ತೇ ಇದೆ. ವರ್ಷಕ್ಕೆ ಒಂದು ಕಾಳಿನಷ್ಟು ದೇವಿ ಕಡೆಗೆ ಸರಿಯುತ್ತೆ, ಪಾದ ಮುಟ್ಟಿದ ದಿನ ಕಲಿಯುಗ ಮುಗಿಯುತ್ತೆ ಅಂತಾರೆ. ಅಷ್ಟು ನಿಧಾನ ಸರಿಯೋ ಕಲ್ಲಿಗೆ ಕೈ ಮುಗೀತಾರೆ. ಅದಕ್ಕಿಂತ ಬೇಗ ಸರಿಯೋ ನನ್ನನ್ನ ಕೀಳಿಸ್ತಾರೆ.

ಪ್ರಶ್ನೆ: ವಯಸ್ಸು ದಾಟಿದ ಮೇಲೂ ಬರುವವರಿದ್ದಾರೆಯೇ ನಿಮ್ಮಲ್ಲಿ?

ಹಲ್ಲು: ಇದಾರೆ. ಗ್ರೀಸ್ ದೇಶದ ಅರಿಸ್ಟಾಟಲ್ ಎರಡು ಸಾವಿರದ ಮುನ್ನೂರು ವರ್ಷದ ಹಿಂದೆಯೇ ನಮ್ಮ ಬಗ್ಗೆ ಬರೆದಿಟ್ಟಿದಾನೆ. ಇಪ್ಪತ್ತರ ಸುಮಾರಿಗೆ ಬರ್ತಾರೆ, ಎಂಬತ್ತು ದಾಟಿದ ಹೆಂಗಸರಿಗೂ ನೋವು ಕೊಟ್ಟು ಬಂದ ಉದಾಹರಣೆ ಇದೆ ಅಂತ. ಗಂಡಸರಿಗೆ ಹೆಂಗಸರಿಗಿಂತ ಹಲ್ಲು ಜಾಸ್ತಿ ಅಂತಾನೂ ಬರೆದುಬಿಟ್ಟ, ಅದು ಶುದ್ಧ ತಪ್ಪು. ಎರಡು ಮದುವೆಯಾಗಿದ್ರೂ ಹೆಂಡ್ತಿ ಬಾಯಿ ತೆಗೆಸಿ ಎಣಿಸೋ ಬುದ್ಧಿ ಹೊಳೀಲಿಲ್ವಲ್ಲ ಅಂತ ಬರ್ಟ್ರಂಡ್ ರಸೆಲ್ ಕಾಲೆಳೆದ. ಹೆಂಡ್ತಿ ಬಾಯಿ ತೆಗೆಸೋ ಧೈರ್ಯ ಎಷ್ಟು ಜನಕ್ಕಿರುತ್ತೆ ಅನ್ನೋದನ್ನ ರಸೆಲ್ ಲೆಕ್ಕಕ್ಕೆ ತಗೊಳ್ಳಲಿಲ್ಲ ಅಂತ ಕಾಣುತ್ತೆ.

ಪ್ರಶ್ನೆ: ನಿಮ್ಮ ಸೋದರರ ವಿಷಯ ಹೇಳಿ. ಮೂವರೂ ಬೇರೆ ಬೇರೆ ಊರಲ್ಲಿ ಹುಟ್ಟಿದಿರಂತೆ.

ಹಲ್ಲು: 18 ಕಣ್ಣು ಬಿಟ್ಟಿದ್ದು ಚನ್ರಾಯಪಟ್ಣದಲ್ಲಿ. ಆಗ ಇವನಿಗೆ ಅಲ್ಲಿ ರಾತ್ರಿ ಹಾಲ್ಟು. ಸಾಧು ಪ್ರಾಣಿ, ಒಂದು ವಾರ ವಸಡು ಕೆರೆಸಿ ಸುಮ್ಮನಾದ. ತೆಂಗಿನ ಸೀಮೆಯಲ್ಲಿ ಕೊಬ್ಬರಿ ಅಗಿಯೋ ಕೆಲಸವೂ ಸಿಕ್ತು, ಸುಖವಾಗಿದಾನೆ. 28 ಅರಕಲಗೂಡಿನೋನು. ಮೇಲಿನ ದವಡೆ ಅಂಚಿಗೆ ಕೆನ್ನೆ ಕಡೆ ಓರೆಯಾಗಿ ಹುಟ್ಟಿದ, ಈಗ ದಿನಾ ಕೆನ್ನೆ ಕಚ್ಚೋದೇ ಉದ್ಯೋಗ. ನಾನು ಹೊಳೆನರಸೀಪುರದಲ್ಲಿ ತಲೆ ಎತ್ತಿದ್ದು. ರೈಲ್ವೆ ಗೇಟು ಹಾಕಿತ್ತು, ಬಸ್ಸು ನಿಂತಿತ್ತು, ಇವನು ಹುರಿಗಾಳು ಬಾಯಿಗೆ ಹಾಕ್ಕೊಂಡ. 'ಹಾ' ಅಂದ. ಅದೇ ನನ್ನ ಜನ್ಮಮುಹೂರ್ತ.

ಪ್ರಶ್ನೆ: 38?

ಹಲ್ಲು: ಹುಟ್ಟಲೇ ಇಲ್ಲ. ಪ್ರಪಂಚದಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ನಮ್ಮಲ್ಲಿ ಒಬ್ಬನಾದರೂ ಹುಟ್ಟೋದೇ ಇಲ್ಲ. ನಮ್ಮ ನಾಲ್ವರಲ್ಲಿ ನಿಜವಾದ ಬುದ್ಧಿವಂತ ಅವನೇ.

ಪ್ರಶ್ನೆ: ನಿಮ್ಮ ಮಾತಿನಲ್ಲಿ ಒಂದು ಕಹಿ ಇದೆ.

ಹಲ್ಲು: ಇರಲೇಬೇಕು. ನನ್ನ ನಿಜವಾದ ಜಗಳ ಏಳನೆಯವನ ಜೊತೆಗಲ್ಲ, ಮುದ್ದೆ ಜೊತೆ. ನೀವೇ ಯೋಚನೆ ಮಾಡಿ. ನನ್ನನ್ನ ಕಳಿಸಿದ್ದು ಗೆಡ್ಡೆ, ಬೇರು, ಬೇಯದ ಮಾಂಸ ಅಗಿಯೋದಕ್ಕೆ. ನೇಮಕಾತಿ ಪತ್ರದಲ್ಲಿ ಹಾಗಂತಲೇ ಇದೆ. ಬಂದು ಕೆಲಸಕ್ಕೆ ಹಾಜರಾದ್ರೆ ಇದು ರಾಗಿ ಮುದ್ದೆ ಜಿಲ್ಲೆ. ಇವನಿಗೆ ನಾಲ್ಕು ವರ್ಷ ಇದ್ದಾಗ ಅವ್ವ ಮುದ್ದೆ ಮುರಿದು, ಹೆಬ್ಬೆರಳಲ್ಲಿ ಒಂದು ಗುಳಿ ಒತ್ತಿ, ಬಸ್ಸಾರಿಗೆ ಅದ್ದಿ ಬಾಯಿಗಿಟ್ಟಳು. ಮಗು ಅಗಿಯೋಕೆ ಹೋಯ್ತು. 'ಅಗೀಬ್ಯಾಡ ಕಣ್ಲಾ, ನುಂಗು' ಅಂತ ಬೆನ್ನಿಗೊಂದು ಬಿತ್ತು. ನಾನಿನ್ನೂ ಮೊಗ್ಗೂ ಆಗಿರಲಿಲ್ಲ, ಆಗಲೇ ನನ್ನ ಹುದ್ದೆ ರದ್ದಾಗಿತ್ತು. ಅವರೆಕಾಯಿ ಕಾಲ ಬಂದ್ರೆ ಕಾಳು ಇದುಕಿ ಸಿಪ್ಪೆ ತೆಗೆದು ಬೇಯಿಸ್ತಾರೆ, ಹಾಸನದ ಆಲೂಗೆಡ್ಡೆ ನಾಲಿಗೆಯಲ್ಲೇ ಕರಗಿ ಹೋಗುತ್ತೆ. ನನಗೆ ಉಳಿದಿದ್ದು ನಾಟಿಕೋಳಿ ಒಂದೇ. ಅದೂ ಕುಕ್ಕರಿನಲ್ಲಿ ಆರು ಸೀಟಿ ಕೂಗಿಸಿ ಬಡಿಸ್ತಾರೆ.

ಪ್ರಶ್ನೆ: ಮುದ್ದೆಯಿಂದ ದವಡೆ ಚಿಕ್ಕದಾಯಿತು ಅನ್ನುತ್ತೀರಾ? ಮುದ್ದೆ ತಿಂದವರು ಕಟ್ಟಾಳುಗಳಾಗಿ ಬೆಳೆದಿದ್ದಾರಲ್ಲ.

ಹಲ್ಲು: ಮುದ್ದೆ ಒಂದರ ಮೇಲೆ ದೂರು ಹಾಕಂಗಿಲ್ಲ. ಬೆಳೆಯೋ ವಯಸ್ಸಿನಲ್ಲಿ ಗಟ್ಟಿ ಪದಾರ್ಥ ಅಗಿದ್ರೆ ದವಡೆ ಮೂಳೆ ಚೆನ್ನಾಗಿ ಬೆಳೆಯುತ್ತೆ, ಮನುಷ್ಯ ಬೆಂಕಿ ಕಂಡುಕೊಂಡು, ಬೀಸೋ ಕಲ್ಲು ಕಂಡುಕೊಂಡು, ಮೆತ್ತಗಿನ ಊಟಕ್ಕೆ ಬಿದ್ದ ಮೇಲೆ ದವಡೆ ಗಿಡ್ಡವಾಯ್ತು ಅಂತ ತಿಳಿದೋರ ವಾದ. ಹಲ್ಲಿನ ಲೆಕ್ಕ ಮಾತ್ರ ಹಳೇದೇ ಉಳೀತು. ಬ್ರೆಡ್ಡು ತಿನ್ನೋ ದೇಶದಲ್ಲೂ ನಮ್ಮೋರ ಗೋಳು ಇದೇ. ಆದ್ರೆ ಒಂದು ಮಾತು. ಇವನ ತಾತ ಹೊಳೆನರಸೀಪುರದ ಹೇಮಾವತಿ ಬಯಲಲ್ಲಿ ಕಬ್ಬಿನ ಜಲ್ಲೆನ ಹಲ್ಲಲ್ಲೇ ಸಿಗಿದು ತಿಂತಿದ್ದ, ನಾಲ್ಕೂ ಬುದ್ಧಿ ಹಲ್ಲು ಸಾಲಾಗಿ ನಿಂತಿದ್ವು. ಮೊಮ್ಮಗ ಅದೇ ಕಬ್ಬಿನ ಹಾಲನ್ನ ಬಸ್ ಸ್ಟ್ಯಾಂಡಿನಲ್ಲಿ ಐಸು ಹಾಕಿಸಿ ಕುಡೀತಾನೆ. ಅಗಿಯೋ ಕೆಲಸ ಗಾಣದ ಯಂತ್ರ ನೋಡ್ಕೊಳ್ಳುತ್ತೆ.

ಪ್ರಶ್ನೆ: ಗೊಮ್ಮಟನ ಊರಿನ ತಾಲ್ಲೂಕಿನಲ್ಲೂ ನಿಮ್ಮವರು ಒಬ್ಬರಿದ್ದಾರಲ್ಲ. ಅಲ್ಲಿನ ವೈರಾಗ್ಯ ಸ್ವಲ್ಪವಾದರೂ ತಗುಲಬೇಕಿತ್ತು.

ಹಲ್ಲು: 2018ರ ಮಹಾಮಸ್ತಕಾಭಿಷೇಕ ನೋಡಿ ಬಂದೋರು ಎಲ್ಲ ಆ ಮುಗುಳ್ನಗೆ ಬಗ್ಗೆಯೇ ಮಾತಾಡಿದ್ರು. ಐವತ್ತೆಂಟು ಅಡಿ ಎತ್ತರ, ಬಿಸಿಲು ಮಳೆ ಏನೂ ಲೆಕ್ಕಕ್ಕಿಲ್ಲ, ಕಾಲಿಗೆ ಬಳ್ಳಿ ಸುತ್ತಿದ್ರೂ ಅಲುಗಾಡಲಿಲ್ಲ. ಎಲ್ಲ ಸರಿ. ಬುದ್ಧಿ ಹಲ್ಲು ಬಂದಿದ್ರೆ ಒಂದು ಕೈಯಾದ್ರೂ ಕೆನ್ನೆಗೆ ಹೋಗಿರೋದು. ಎರಡೂ ಕೈ ತೊಡೆ ಪಕ್ಕದಲ್ಲೇ ಇಳಿಬಿದ್ದಿವೆ ಅಂದ್ರೆ ದವಡೆಯಲ್ಲಿ ಜಾಗ ಇತ್ತು ಅಂತಲೇ ನನ್ನ ಲೆಕ್ಕ.

ಪ್ರಶ್ನೆ: ಈಗ ಊತದ ವಿಷಯ. ಕಂಡಕ್ಟರ್ ಕೆನ್ನೆ ಬನ್ನಿನ ಹಾಗೆ ಉಬ್ಬಿದೆ. ಇದರಲ್ಲಿ ನಿಮ್ಮ ಪಾತ್ರವೇನು?

ಹಲ್ಲು: ನನ್ನದು ಜಾಗ ಕೊಟ್ಟಿದ್ದು ಮಾತ್ರ. ನಾನು ಅರ್ಧ ಹೊರಗೆ, ಅರ್ಧ ಒಳಗೆ. ಮೇಲೊಂದು ವಸಡಿನ ಮುಚ್ಚಳ. ಆ ಮುಚ್ಚಳದ ಕೆಳಗೆ ಇವನು ತಿಂದದ್ದೆಲ್ಲ ಸೇರುತ್ತೆ. ಬ್ರಷ್ಷು ಅಲ್ಲಿಗೆ ಹೋಗಲ್ಲ, ಹೋಗೋ ಹಾಗೆ ಇವನು ತಿಕ್ಕೋದೂ ಇಲ್ಲ. ಸೇರಿದ್ದು ಕೊಳೆಯುತ್ತೆ, ಸೋಂಕಾಗುತ್ತೆ, ವಸಡು ಊದುತ್ತೆ. ಊದಿದ ವಸಡಿನ ಮೇಲೆ ಮೇಲಿನ 18 ಕಚ್ಚುತ್ತಾನೆ. ನನ್ನ ಸ್ವಂತ ಅಣ್ಣ! ಕಚ್ಚಿದಷ್ಟೂ ಊತ, ಊದಿದಷ್ಟೂ ಕಚ್ಚು. ದವಡೆ ಸ್ನಾಯು ಬಿಗೀತದೆ, ಬಾಯಿ ತೆರೆಯಲ್ಲ. ಬಾಯಲ್ಲಿ ಒಂಥರಾ ರುಚಿ, ವಾಸನೆ, ಗದ್ದದ ಕೆಳಗೆ ಗಂಟು, ಸಣ್ಣ ಜ್ವರ. ಮೊದಲ ಸಲ ಬಂದಾಗ ನಾಲ್ಕು ದಿನಕ್ಕೆ ತಾನಾಗಿಯೇ ಇಳೀತು. ಇವನು 'ವಾಸಿಯಾಯ್ತು' ಅಂದ. ಇದು ಮೂರನೇ ಸಲ.

ಇಲ್ಲಿ ಇನ್ನೊಂದು ಸ್ಪಷ್ಟನೆ ಬರ್ಕೊಳ್ಳಿ. ಬಾಯಿ ತೆರೆಯದ್ದಕ್ಕೆಲ್ಲ ನಾನೇ ಕಾರಣ ಅಲ್ಲ. ಅಡಿಕೆ, ಗುಟ್ಕಾ ವರ್ಷಾನುಗಟ್ಟಲೆ ಜಗಿದೋರಿಗೆ ಕೆನ್ನೆಯ ಒಳಚರ್ಮ ಬೆಳ್ಳಗೆ ಗಡುಸಾಗಿ, ಬಾಯಿ ವರ್ಷದಿಂದ ವರ್ಷಕ್ಕೆ ಕಿರಿದಾಗ್ತಾ ಹೋಗುತ್ತೆ, ಖಾರ ತಿಂದ್ರೆ ಉರಿಯುತ್ತೆ. ಅದು ಬೇರೆ ಕಾಯಿಲೆ. ಕ್ಯಾನ್ಸರಿಗೂ ದಾರಿ ಮಾಡಬಹುದು. ನನ್ನನ್ನ ಕಿತ್ತರೂ ಅದು ಹೋಗಲ್ಲ. ಇವನ ಡ್ರೈವರಿಗೆ ಅದೇ ಇದೆ ಅಂತ ನನ್ನ ಅನುಮಾನ, ಅವನು ಮಾತ್ರ 'ನನಗೂ ಬುದ್ಧಿ ಹಲ್ಲು ಬರ್ತಿದೆ' ಅಂತ ನಲವತ್ತೆಂಟನೇ ವಯಸ್ಸಿನಲ್ಲಿ ಹೇಳ್ಕೊಂಡು ತಿರುಗ್ತಿದಾನೆ.

ಪ್ರಶ್ನೆ: ಮೂರು ಸಲದಲ್ಲಿ ಏನೇನು ಚಿಕಿತ್ಸೆ ನಡೆಯಿತು?

ಹಲ್ಲು: ಬಸ್ಸಿನಲ್ಲಿ ಐವತ್ತು ಸೀಟು, ಐವತ್ತು ಡಾಕ್ಟ್ರು. ಶುರುವಾಗಿದ್ದು ಲವಂಗದಿಂದ. ಲವಂಗದೆಣ್ಣೆಗೆ ಮರಗಟ್ಟಿಸೋ ಗುಣ ಇದೆ, ಅದಕ್ಕೆ ಗೌರವ ಕೊಡ್ತೀನಿ. ಆದ್ರೆ ಇವನು ಹತ್ತಿಯಲ್ಲಿ ಅದ್ದಿ ಇಡೋದು ಬಿಟ್ಟು ಸೀಸೆನೇ ಬಗ್ಗಿಸಿದ, ವಸಡು ಸುಟ್ಕೊಂಡ್ತು. ಹೊಳೆನರಸೀಪುರದ ಒಬ್ಬ ಅಜ್ಜಿ ಸೀಬೆ ಚಿಗುರು ಅಗಿ ಅಂದ್ರು. ಅಗಿಯೋಕಾಗಿದ್ರೆ ಈ ಕಷ್ಟವೇ ಇರ್ತಿರಲಿಲ್ಲ ಅಂತ ಇವನು ಸನ್ನೆಯಲ್ಲಿ ಹೇಳಿದ. ಇಂಗು ಒತ್ತಿದ್ದಾಯ್ತು. ಬ್ರಾಂದಿಯಲ್ಲಿ ಅದ್ದಿದ ಹತ್ತಿ ಇಟ್ಟಿದ್ದಾಯ್ತು, ಹತ್ತಿಗೆ ಕಡಿಮೆ, ಗಂಟಲಿಗೆ ಜಾಸ್ತಿ. ನೋವಿನ ಮಾತ್ರೆನ ನುಂಗೋ ಬದಲು ಹಲ್ಲಿನ ಪಕ್ಕ ಇಟ್ಕೊಂಡ, ಅದೂ ಸುಡ್ತು.

ಅರಕಲಗೂಡಿನ ಸೋದರಮಾವ ಇದಾರಲ್ಲ, ಅವರದು ಹೊಗೆಸೊಪ್ಪಿನ ಬೇಸಾಯ, ರಾಮನಾಥಪುರದ ತಂಬಾಕು ಹರಾಜಿಗೆ ಬೇಲು ಹಾಕೋರು. 'ಒಂದು ಎಸಳು ಇಟ್ಕೋ, ನೋವು ಹಾರೋಗ್ತದೆ' ಅಂದ್ರು. ಬ್ಯಾರನ್ನಿನಲ್ಲಿ ಹದ ಮಾಡಿದ ಆ ವರ್ಜೀನಿಯಾ ಸಿಗರೇಟಿಗೆ ಹೋಗೋದು ಸ್ವಾಮಿ, ಬಾಯಿಗಿಡೋ ಸೊಪ್ಪಲ್ಲ. ಬಾಯಿಗಿಡೋ ಸೊಪ್ಪೂ ಬಾಯಿಗಿಡೋದಲ್ಲ. ತಲೆ ತಿರುಗಿ ಇವನು ಒಂದು ಟ್ರಿಪ್ಪು ಹಿಂದಿನ ಸೀಟಿನಲ್ಲೇ ಮಲಗಿದ.

ಕೊನೆಗೆ ಸಂತೆಯಲ್ಲಿ ಹುಳ ತೆಗೆಯೋರು ಸಿಕ್ಕಿದ್ರು. ನೆಲಗುಳ್ಳದ ಬೀಜನ ಕೆಂಡಕ್ಕೆ ಹಾಕಿ, ಕೊಳವೆಯಲ್ಲಿ ಹೊಗೆ ಹಿಡಿಸಿ, ಕೆಳಗಿಟ್ಟ ನೀರಿನ ಬೋಗುಣಿ ತೋರಿಸಿ 'ನೋಡಪ್ಪ, ಎಷ್ಟು ಹುಳ' ಅಂದ್ರು. ಬಿಳೀ ಎಳೆಗಳು ತೇಲ್ತಿದ್ವು. ಅವು ಶಾಖಕ್ಕೆ ಸಿಡಿದ ಬೀಜದ ಒಳಗಿನದೇ. ಹಲ್ಲಿನಲ್ಲಿ ಹುಳ ಇರಲ್ಲ. ಇವನು ನಂಬಿ ನೂರು ರೂಪಾಯಿ ಕೊಟ್ಟ, ಚಿಲ್ಲರೆನೂ ಕೇಳಲಿಲ್ಲ. ಕಂಡಕ್ಟರ್ ಜೀವನದಲ್ಲಿ ಅದೊಂದು ದಾಖಲೆ.

ಪ್ರಶ್ನೆ: ಮೆಡಿಕಲ್ ಶಾಪು?

ಹಲ್ಲು: ಅದೇ ನನ್ನ ಆಪ್ತಮಿತ್ರ. 'ಹಲ್ಲುನೋವಿಗೆ ಎರಡು ಕೊಡಿ' ಅಂದ್ರೆ ಕತ್ತರಿಯಲ್ಲಿ ಎರಡೇ ಗುಳಿಗೆ ಕತ್ತರಿಸಿ ಕೊಡ್ತಾರೆ. ಐದು ದಿನ ತಗೋಬೇಕಾದ ಆಂಟಿಬಯಾಟಿಕ್ಕು ಎರಡು ಹೊತ್ತಿಗೆ ಮುಗಿಯುತ್ತೆ. ಸೋಂಕು ಸಾಯಲ್ಲ, ಮೈಮುರಿದು ಮಲಗುತ್ತೆ. ನಾನೂ ಮಲಗ್ತೀನಿ. ಮುಂದಿನ ಸಲ ಇಬ್ಬರೂ ಒಟ್ಟಿಗೆ ಏಳ್ತೀವಿ.

ಪ್ರಶ್ನೆ: ದಂತ ವೈದ್ಯರ ಹತ್ತಿರ ಬರಲು ಇಷ್ಟು ತಡವೇಕಾಯಿತು? ಹಾಸನದಲ್ಲಿ ಹಾಸನಾಂಬೆಯ ಹೆಸರಿನಲ್ಲೇ ಒಂದು ದಂತ ವೈದ್ಯಕೀಯ ಕಾಲೇಜಿದೆ. ದೇವಿಯ ಗುಡಿ ಆಶ್ವಯುಜದಲ್ಲಿ ಕೆಲವೇ ದಿನ ತೆರೆದರೂ ಕಾಲೇಜು ವರ್ಷವಿಡೀ ತೆರೆದಿರುತ್ತದೆ.

ಹಲ್ಲು: ಗುಡಿಗೆ ರಾತ್ರಿಯೆಲ್ಲ ಸಾಲಲ್ಲಿ ನಿಲ್ಲೋರಿಗೂ ಹಲ್ಲಿನ ಡಾಕ್ಟ್ರ ಬಾಗಿಲಲ್ಲಿ ಹತ್ತು ನಿಮಿಷ ಕೂರೋದು ಕಷ್ಟ. ಮೇಲಾಗಿ ಇವನ ತಲೆಗೆ ಇಬ್ಬರು ಹುಳ ಬಿಟ್ಟಿದಾರೆ. ಹಲ್ಲಿಗೆ ಬಿಡೋ ಹುಳ ಸುಳ್ಳು, ಇದು ನಿಜ. ಒಬ್ಬ ಅಂದ, 'ಬುದ್ಧಿ ಹಲ್ಲು ಕಿತ್ತರೆ ಕಣ್ಣಿನ ನರಕ್ಕೆ ಪೆಟ್ಟು.' ಹಲ್ಲಿನ ನರ ಬೇರೆ, ನೋಟದ ನರ ಬೇರೆ. ಹಲ್ಲು ಕೀಳಿಸಿ ಕಣ್ಣು ಮಂಜಾಗಲ್ಲ. ನಲವತ್ತರ ಮೇಲೆ ಹಲ್ಲೂ ಹೋಗುತ್ತೆ, ಕನ್ನಡಕವೂ ಬರುತ್ತೆ, ಎರಡಕ್ಕೂ ಗಂಟು ಹಾಕ್ತಾರೆ ಅಷ್ಟೇ. ಇನ್ನೊಬ್ಬ ಅಂದ, 'ಬುದ್ಧಿ ಹೋಗುತ್ತೆ.' ಸಂತೆಯಲ್ಲಿ ನೂರು ರೂಪಾಯಿ ಕೊಟ್ಟಾಗ ನಾನು ಒಳಗೇ ಇದ್ದೆ ಸ್ವಾಮಿ.

ಪ್ರಶ್ನೆ: ನಿಮ್ಮಿಂದ ಯಾರಿಗಾದರೂ ಉಪಕಾರವಾಗಿದೆಯೇ?

ಹಲ್ಲು: ಸೇನೆಗೆ ಸೇರೋ ಹುಡುಗರನ್ನ ಕೇಳಿ. ಸೇನೆಯ ವೈದ್ಯಕೀಯ ಪರೀಕ್ಷೆಯಲ್ಲಿ ಹಲ್ಲಿಗೂ ಪಾಯಿಂಟ್ ಇದೆ, ಕನಿಷ್ಠ 14 ಬೇಕು. ಮುಂದಿನ ಹಲ್ಲು, ಕೋರೆಹಲ್ಲಿಗೆಲ್ಲ ಒಂದೊಂದು. ಚೆನ್ನಾಗಿ ಬೆಳೆದ ಬುದ್ಧಿ ಹಲ್ಲಿಗೆ ಎರಡು, ಸರಿಯಾಗಿ ಬೆಳೆಯದಿದ್ರೆ ಒಂದು. ಎಲ್ಲ ಸರಿಯಿದ್ರೆ ಒಟ್ಟು 22. ಆದ್ರೆ ಎದುರು ದವಡೆಯಲ್ಲಿ ಜೊತೆಗಾರ ಇರಬೇಕು. ಹಾಗಾಗಿ 38 ಇಲ್ಲದೆ ನಮ್ಮ 28ಕ್ಕೆ ಚಿಕ್ಕಾಸಿನ ಬೆಲೆಯಿಲ್ಲ. ದೇಶ ನನ್ನನ್ನ ಎರಡು ಪಾಯಿಂಟಿನೋನು ಅಂತ ಒಪ್ಪಿದೆ, ಈ ಮನೆಯಲ್ಲಿ ಮಾತ್ರ ಶನಿ. ವಯಸ್ಸಿನ ತಕರಾರು ಬಂದಾಗ ಕೋರ್ಟಿಗೆ ಸಾಕ್ಷಿ ಹೇಳೋರಲ್ಲೂ ನಾವಿದೀವಿ. ನಾವು ಹೊರಗೆ ಬಂದಿದ್ರೆ ಹದಿನೇಳು ದಾಟಿರೋ ಸಂಭವ ಜಾಸ್ತಿ. ಬಂದಿಲ್ಲ ಅಂದ್ರೆ ಏನೂ ಹೇಳೋಕಾಗಲ್ಲ, ಯಾಕಂದ್ರೆ 38ರಂಥೋರೂ ಇರ್ತಾರಲ್ಲ.

ಪ್ರಶ್ನೆ: ಕೀಳಬೇಡಿ ಎಂದು ವಾದಿಸುತ್ತೀರಾ?

ಹಲ್ಲು: ವಾದ ಇದೆ. 2000ನೇ ಇಸವಿಯಲ್ಲಿ ಇಂಗ್ಲೆಂಡಿನ ಆರೋಗ್ಯ ಮಾರ್ಗಸೂಚಿ ಸಂಸ್ಥೆ ಸ್ಪಷ್ಟವಾಗಿ ಹೇಳ್ತು, ರೋಗವಿಲ್ಲದೆ ಸುಮ್ಮನೆ ಮೂಳೆಯೊಳಗೆ ಹುದುಗಿರೋ ಬುದ್ಧಿ ಹಲ್ಲನ್ನ ಮುಂಜಾಗ್ರತೆ ಅಂತ ಕೀಳಬೇಡಿ ಅಂತ. ಆ ಆದೇಶದ ನಕಲು ಇಟ್ಕೊಂಡಿದೀನಿ. ನೆಟ್ಟಗೆ ಬಂದೋನು, ತೊಳೆಯೋಕೆ ಸಿಗೋನು, ತೊಂದರೆ ಕೊಡದೋನು ಇದ್ರೆ ಅವನ ಪಾಡಿಗೆ ಬಿಡಬೇಕು. 18ಕ್ಕೆ ಅದು ಅನ್ವಯಿಸುತ್ತೆ.

ಪ್ರಶ್ನೆ: ನಿಮಗೆ?

ಹಲ್ಲು: ಅದರ ಮುಂದಿನ ಪುಟದಲ್ಲಿ ಸೋಂಕು ಮತ್ತೆ ಮತ್ತೆ ಬಂದ್ರೆ ಕೀಳಬಹುದು ಅಂತಿದೆ. ಆ ಪುಟ ಸ್ವಲ್ಪ ಹರಿದಿದೆ.

(ಈ ಹೊತ್ತಿಗೆ ಒಳಗಿನಿಂದ ಕರೆ ಬಂತು. ವೈದ್ಯರು ಸಣ್ಣ ಸಿರಿಂಜಿನಲ್ಲಿ ವಸಡಿನ ಮುಚ್ಚಳದ ಕೆಳಗೆ ತೊಳೆದರು. ಹೊರಬಿದ್ದ ವಸ್ತುಗಳ ಪೈಕಿ ಒಂದು ಎಳ್ಳು ಮತ್ತು ಸೀಬೆ ಚಿಗುರಿನ ತುಣುಕನ್ನು ಗುರುತಿಸಬಹುದಾಗಿತ್ತು. ಇಷ್ಟು ಊತ ಇರುವಾಗ, ಬಾಯಿ ತೆರೆಯದಿರುವಾಗ ಕೀಳುವುದು ಬೇಡವೆಂದು ಹೇಳಿ, ಔಷಧಿ ಬರೆದು, ಮುಂದಿನ ವಾರಕ್ಕೆ ದಿನ ಕೊಟ್ಟರು. ಮಾತುಕತೆ ಮೆಟ್ಟಿಲ ಮೇಲೆ ಮುಂದುವರಿಯಿತು.)

ಪ್ರಶ್ನೆ: ವಾಯಿದೆ ಸಿಕ್ಕಿತು. ಮುಂದಿನ ವಾರ ಏನಾಗುತ್ತದೆ ಎಂದು ಗೊತ್ತೇ?

ಹಲ್ಲು: ಬಾಗಿಲ ಸಂದಿಯಿಂದ ನೋಡಿದೀನಿ. ಮರಗಟ್ಟಿಸೋ ಇಂಜೆಕ್ಷನ್ ಕೊಡ್ತಾರೆ, ತುಟಿ ಅರ್ಧ ಬೇರೆಯೋರದ್ದು ಅನ್ನಿಸುತ್ತೆ. ನೋವು ಗೊತ್ತಾಗಲ್ಲ, ಒತ್ತೋದು ಗೊತ್ತಾಗುತ್ತೆ. ನನ್ನಂಥ ಅಡ್ಡ ಮಲಗಿದೋನನ್ನ ಇಡಿಯಾಗಿ ಎಳೆಯಲ್ಲ, ಕೊರೆದು ಎರಡು ಹೋಳು ಮಾಡಿ ತೆಗೀತಾರೆ. ಕೊನೇ ಕ್ಷಣದಲ್ಲೂ ಪಾಲು! ಕರೀ ದಾರದಲ್ಲಿ ಹೊಲಿಗೆ, ಮೇಲೆ ಹತ್ತಿ ಕಚ್ಚಿಸ್ತಾರೆ. ಆಮೇಲೆ ಒಂದು ದಿನ ಉಗುಳಂಗಿಲ್ಲ, ಬಾಯಿ ಮುಕ್ಕಳಿಸಂಗಿಲ್ಲ, ಬೀಡಿ ಸೇದಂಗಿಲ್ಲ, ಚೀಪಂಗಿಲ್ಲ. ಚನ್ರಾಯಪಟ್ಣದ ಎಳನೀರಿಗೂ ಕೊಳವೆ ಹಾಕ್ಕೊಂಡು ಎಳೆಯಂಗಿಲ್ಲ, ಲೋಟಕ್ಕೆ ಬಗ್ಗಿಸ್ಕೊಂಡು ಕುಡೀಬೇಕು. ಗುಂಡಿಯಲ್ಲಿ ಹೆಪ್ಪುಗಟ್ಟಿದ ರಕ್ತವೇ ಗಾಯಕ್ಕೆ ಹೊದಿಕೆ. ಎಳೆದ್ರೆ ಅದು ಕಿತ್ತು ಬಂದು, ಮೂಳೆ ಬರಿದಾಗಿ, ಮೂರನೇ ದಿನ ಕಿವಿ ತನಕ ಹೊಡೆಯೋ ನೋವು ಬರುತ್ತೆ. ನಾನಿದ್ದಾಗ ಕೊಟ್ಟ ನೋವು ಅದರ ಮುಂದೆ ಏನೂ ಅಲ್ಲ ಅಂತ ನಮ್ಮೋರು ಹೆಮ್ಮೆಯಿಂದ ಹೇಳ್ಕೊಳ್ತಾರೆ.

ಪ್ರಶ್ನೆ: ಊಟ?

ಹಲ್ಲು: (ದೀರ್ಘ ಮೌನ) ಮೊದಲ ದಿನ ಐಸ್ ಕ್ರೀಂ, ತಣ್ಣಗಿನ ಅಂಬಲಿ, ಮೊಸರನ್ನ. ಆಮೇಲೆ ಅಗಿಯೋ ಕಷ್ಟವಿಲ್ಲದ, ಬಿಸಿ ಆರಿದ, ಗಂಟಲಲ್ಲಿ ಸಲೀಸಾಗಿ ಇಳಿಯೋ ಆಹಾರ. ಈ ಜಿಲ್ಲೆಯಲ್ಲಿ ಅದು ಯಾವುದು ಅಂತ ನನ್ನ ಬಾಯಲ್ಲಿ ಹೇಳಿಸಬೇಡಿ.

ಪ್ರಶ್ನೆ: ಮುದ್ದೆ.

ಹಲ್ಲು: ಬರ್ಕೊಳ್ಳಿ. ನನ್ನನ್ನ ಬೀದಿಗೆ ತಂದದ್ದೂ ಅದೇ, ತಿಥಿ ಊಟವೂ ಅದೇ.

ಪ್ರಶ್ನೆ: ನಿಮ್ಮ ಮುಖದಲ್ಲಿ ಅಂಥ ಭಯವೇನೂ ಕಾಣುತ್ತಿಲ್ಲ.

ಹಲ್ಲು: ಭಯ ಯಾಕೆ? ಕೇಳಿ, ಗುಟ್ಟು ಹೇಳ್ತೀನಿ. ನಾಳಿದ್ದರ ಹೊತ್ತಿಗೆ ಔಷಧಿ ಕೆಲಸ ಮಾಡಿ ಊತ ಇಳಿಯುತ್ತೆ. ಆಚೆ ನಾಳಿದ್ದು ಬಾಯಿ ಮೂರು ಬೆರಳು ತೆರೆಯುತ್ತೆ. 'ಹೊಳೇನರ್ಸೀಪುರ, ಹೊಳೇನರ್ಸೀಪುರ' ಅಂತ ಬಸ್ ಸ್ಟ್ಯಾಂಡು ನಡುಗೋ ಹಾಗೆ ಕೂಗ್ತಾನೆ. ಡಾಕ್ಟ್ರು ಕೊಟ್ಟ ದಿನ ಇವನಿಗೆ ಡ್ಯೂಟಿ. ಅದರ ಮಾರನೇ ದಿನ ನೆಂಟರ ಮದುವೆ. ಆಮೇಲೆ ಆಷಾಢ, ಆಮೇಲೆ ಹಬ್ಬ, ಆಮೇಲೆ 'ಈಗ ಹೇಗೂ ನೋವಿಲ್ಲವಲ್ಲ.' ನನಗೆ ಯಾವ ಕೋರ್ಟಿನ ತಡೆಯಾಜ್ಞೆಯೂ ಬೇಕಾಗಿಲ್ಲ ಸ್ವಾಮಿ. ಇವನಿಗೆ ನೋವಿಲ್ಲದ ದಿನಗಳೇ ನನ್ನ ತಡೆಯಾಜ್ಞೆ. ನೋವಿದ್ದಾಗ ಕೀಳೋಕಾಗಲ್ಲ, ಕೀಳೋಕಾಗುವಾಗ ನೋವಿರಲ್ಲ. ಈ ಎರಡರ ಸಂದಿಯಲ್ಲಿ ನಮ್ಮೋರು ಮೂವತ್ತು ವರ್ಷ ಬಾಳಿದ ಉದಾಹರಣೆಗಳಿವೆ.

ಪ್ರಶ್ನೆ: ಅಷ್ಟರಲ್ಲಿ ಏಳನೆಯವರ ಗತಿ?

ಹಲ್ಲು: ಹುಳುಕು ಆಗಲೇ ಹಿಡಿದಿದೆ. ಇನ್ನೊಂದೆರಡು ವರ್ಷ ಹೀಗೇ ಇದ್ದರೆ ನನ್ನ ಜೊತೆ ಅವನೂ ಹೋಗ್ತಾನೆ. ಪಹಣಿ ಅವನ ಹೆಸರಲ್ಲೇ ಇರಲಿ, ಬೇಸರವಿಲ್ಲ.

ಇಲ್ಲಿಗೆ ಬಸ್ಸು ಹೊರಡುವ ಹೊತ್ತಾಗಿ ಸಂದರ್ಶನ ನಿಂತಿತು. ಕಂಡಕ್ಟರ್ ಔಷಧಿ ಚೀಟಿಯನ್ನು ಮಡಿಸಿ ಟಿಕೆಟ್ ಚೀಲದ ಒಳಜೇಬಿಗೆ ಹಾಕಿಕೊಂಡರು. ಮುಂದಿನ ವಾರದ ದಿನಾಂಕ ಚೀಟಿಯ ಹಿಂಬದಿಯಲ್ಲಿತ್ತು.

ಓದುಗರಲ್ಲಿ ಒಂದು ವಿನಂತಿ. ನಿಮ್ಮ ಕೊನೆಯ ಹಲ್ಲಿನ ಹತ್ತಿರ ವಸಡು ಎರಡನೇ ಸಲ ಊದಿದ್ದರೆ, ನೋವು ಇಳಿದ ವಾರದಲ್ಲೇ ಒಂದು ಎಕ್ಸ್-ರೇ ತೆಗೆಸಿ ದಂತ ವೈದ್ಯರಿಗೆ ತೋರಿಸಿ. ಬರೆದುಕೊಟ್ಟ ಆಂಟಿಬಯಾಟಿಕ್ ಅನ್ನು ಹೇಳಿದಷ್ಟು ದಿನ ಮುಗಿಸಿ. ಊತ ಕುತ್ತಿಗೆಗೆ ಇಳಿದರೆ, ಜ್ವರ ಏರಿದರೆ, ಎಂಜಲು ನುಂಗಲೂ ಉಸಿರಾಡಲೂ ಕಷ್ಟವಾದರೆ ಬೆಳಗಾಗಲಿ ಎಂದು ಕಾಯದೆ ಅದೇ ರಾತ್ರಿ ದೊಡ್ಡಾಸ್ಪತ್ರೆಗೆ ಹೋಗಿ.